ಬ್ಲೀಚಿಂಗ್ ಪುಡಿಯ ತಪ್ಪಲ್ಲ

ಮೂಗು ಸುಡುತ್ತಿದೆ, ಬ್ಲೀಚಿಂಗ್ ಪುಡಿ ನೀರಿಗೆ ಬಿದ್ದ ಕೂಡಲೇ ಏಳುವ ಘಾಟು, ಕಣ್ಣಲ್ಲಿ ನೀರು, ಘಾಟಿಗೇ ಬಂತು ಎಂದುಕೊಳ್ಳಲಿ ನೋಡಿದವರು — ಬಕೆಟ್ಟಿನ ಅಂಚಿಗೆ ಬಿಳಿ ಗೆರೆ, ಬೇಡ, ಅದನ್ನು ನೋಡುವುದು ಬೇಡ, ರೇಷ್ಮೆಹುಳದ ಮನೆ ತೊಳೆದು ಮುಗಿಸಬೇಕು, ನಾಳಿದ್ದು ಹೊಸ ಮರಿಹುಳು ಬರುತ್ತವೆ, ಇಷ್ಟು ವರ್ಷ ತೊಳೆದವಳು ವೆಂಕಟಲಕ್ಷ್ಮಿ, ನಾನು ಬಾಗಿಲಲ್ಲಿ ನಿಂತು ಆ ಮೂಲೆ ಬುಟ್ಬುಟ್ಟೆ ನೋಡು ಎಂದವನು. ಈಗ ಮೂರು ದಿನದಿಂದ ಮೊಣಕೈವರೆಗೆ ಇದೇ ನೀರು, ಒಂದು ದದ್ದೂ ಇಲ್ಲ, ತಿರುಗಿಸಿ ತಿರುಗಿಸಿ ನೋಡುತ್ತೇನೆ, ಒಂದಾದರೂ ಬರಬಾರದೇ. ಅವಳಿಗೆ ಬಂದಿತ್ತಲ್ಲ, ಹೋದ ವರ್ಷ ಮಂಡಿನೋವಿಗೆ ಸೂಜಿ ಹಾಕಿಸಿಕೊಂಡು ಬಂದ ಸಂಜೆಯೇ, ಕೈ ಕುತ್ತಿಗೆಯೆಲ್ಲ ಕೆಂಪು ಕೆಂಪು, ರೀ, ಆ ಇಂಜೆಕ್ಸನ್ನೇ ಆಗ್ನಿಲ್ಲ ಕಣ್ರೀ, ಸುಮ್ಕಿರು, ಬೆಳಿಗ್ಗೆ ಬ್ಲೀಚಿಂಗ್ ಪುಡಿ ಕಲಸಿದ್ಯಲ್ಲ ಅದ್ಕೇ, ಒಸಿ ಕೊಬ್ರಿ ಎಣ್ಣೆ ಹಚ್ಕೋ ಎಂದೆ, ದೊಡ್ಡ ಡಾಕ್ಟರು ನಾನು. ಆಮೇಲೆ ಮುದ್ದೆ ಗಂಟಲಲ್ಲಿ ನಿಲ್ಲತೊಡಗಿತು, ಬಿಳಿ ಮದ್ದು ಕುಡಿಸಿ ಎಕ್ಸ್‌ರೇ ತೆಗೆಯಬೇಕು ಎಂದರು, ಆಸ್ಪತ್ರೆಯ ನರ್ಸ್ ಕಾಗದ ಹಿಡಿದು ಕೇಳಿದಳು, ಅಮ್ಮಾ, ಯಾವ್ದಾದ್ರೂ ಮಾತ್ರೆ, ಇಂಜೆಕ್ಷನ್ ಮೈಗೆ ಆಗ್ದೆ ಇದ್ದಿದ್ದು ಐತಾ, ಅವಳು ಸೆರಗಿನಿಂದ ಕೈ ಹೊರಗೆ ತೆಗೆದಳು, ಅದೂ... ಎಂದು ಬಾಯಿ ತೆರೆದಳು, ನನಗೆ ಊರಿಗೆ ವಾಪಸು ಹೋಗುವ ಕೈಲಾಂಚದ ಬಸ್ಸು ತಪ್ಪೀತೆಂಬ ಅವಸರ, ಮನೆಯಲ್ಲಿ ಹಸಿದ ಹುಳು, ಏನೂ ಇಲ್ಲ ಬರ್ಕಳವ್ವ ಎಂದೆ, ಅವಳು ಬಾಯಿ ಮುಚ್ಚಿದಳು.

ಲೋಟ ಎತ್ತಿ ಕುಡಿದಳು, ಥೂ, ಸುಣ್ಣದ ನೀರಿದ್ದಂಗೈತೆ ಎಂದು ನಕ್ಕಳು, ಮೇಲ್ತುಟಿಯ ಮೇಲೆ ಬಿಳಿ ಗೆರೆ, ಒರೆಸ್ಕೋ ಎಂದೆ, ಒರೆಸಲು ಎತ್ತಿದ ಕೈ ಕುತ್ತಿಗೆಗೆ ಹೋಯಿತು, ಅದೇ ಕೆಂಪು, ಅದೇ ದದ್ದು, ಉಸಿರು ಸೀಟಿ ಹೊಡೆಯಿತು, ಓಡಿ ಬಂದರು, ಸೂಜಿ ಚುಚ್ಚಿದರು, ಅರ್ಧ ಗಂಟೆಯಲ್ಲಿ ಹೋಗಿಬಿಟ್ಟಳು ನನ್ನ ಲಕ್ಷ್ಮಿ. ಡಾಕ್ಟರು ಕೂರಿಸಿಕೊಂಡು ಹೇಳಿದರು, ಆ ಮದ್ದಿಗಲ್ಲ ರಾಮಲಿಂಗಯ್ಯನೋರೇ, ಅದು ತಳಕ್ಕೆ ಕೂರದಂಗೆ ಒಂದು ಅಂಟಿನ ಪುಡಿ ಬೆರೆಸಿರ್ತಾರೆ, ಆ ಪುಡಿ ಮೈಗೆ ಆಗ್ದೆ ಹಿಂಗಾಗಿರಬಹುದು, ಕೆಲವು ಮಂಡಿ ಇಂಜೆಕ್ಷನ್ನಲ್ಲೂ ಅದೇ ಇರುತ್ತೆ, ಮೊದ್ಲು ಯಾವತ್ತಾದ್ರೂ ಹಿಂಗಾಗಿತ್ತಾ — ಮಗಳು ನವ್ಯ ಪಕ್ಕದಲ್ಲೇ ನಿಂತಿದ್ದಳು, ಇಲ್ಲ ಎಂದೆ, ಆಗಲೂ ಇಲ್ಲ ಎಂದೆ. ಅಪ್ಪಾ, ಗ್ಲೌಸ್ ಹಾಕ್ಕೊಳಪ್ಪ, ಅಮ್ಮಂಗೆ ಬಂದಂಗೆ ದದ್ದು ಬಂದಾವು, ಹೊರಗಿನಿಂದ ನವ್ಯ ಕೂಗುತ್ತಿದ್ದಾಳೆ, ಈಗ ಹೇಳಬೇಕು, ಅದು ಬ್ಲೀಚಿಂಗ್ ಪುಡಿಯಲ್ಲ ಮಗ, ನಿಮ್ಮಮ್ಮ ಹೇಳೋಕೆ ಹೋದ್ಲು, ನಾನೇ — ಬಾಯಿ ತೆರೆಯುತ್ತೇನೆ, ಅದೂ... ಎಂದು ಅವಳು ತೆರೆದ ಬಾಯಿ, ತುಟಿಯ ಮೇಲೆ ಬಿಳಿ ಗೆರೆ, ಯಾರೂ ಒರೆಸದೆಯೇ ಬಟ್ಟೆ ಮುಚ್ಚಿದರು, ನಾನೂ ಒರೆಸಲಿಲ್ಲ, ಬಿಳಿ ಗೆರೆ, ಬಿಳಿ ಗೆರೆ