ಹುಲ್ಲುಗಾವಲಿನ ನಡುವಿನ ತೊಟ್ಟಿ

ಗಂಡ ತೀರಿಕೊಂಡ ಮೇಲೆ ಅವಳ ಬಾಗಿಲಿಗೆ ತಪ್ಪದೆ ಬರುತ್ತಿದ್ದವು ದನಗಳು ಮಾತ್ರ, ಅದೂ ನೀರಿಗಾಗಿ. ಬಾಗಿಲ ಬಳಿಯ ಹಳೆ ತೊಟ್ಟಿ ಸೋರತೊಡಗಿದಾಗ ಹೊಸದನ್ನೂ ಅಲ್ಲೇ ಇಡಲು ಪ್ಲಂಬರ್‌ಗೆ ಹೇಳಿದಳು.

"ಬೇಡ ಅಕ್ಕ, ಹುಲ್ಲುಗಾವಲಿನ ನಡುವೆ ಇರ್ಲಿ," ಎಂದ ಅವನು. "ನೀರಿಗೆ ಇಷ್ಟು ದೂರ ಬರಬೇಕಾದ್ರೆ ಹಿಂಡು ಒಟ್ಟಿಗೇ ಬಂದು ಒಟ್ಟಿಗೇ ಹೋಗುತ್ತೆ. ಕೊನೇಲಿ ಬರೋ ಕುಂಟು ಹಸುಗೆ ಕುಡಿಯೋಕೆ ಪುರುಸೊತ್ತೇ ಇರಲ್ಲ. ಮೇಯೋ ಜಾಗದಲ್ಲೇ ಇದ್ರೆ ಬೇಕಾದಾಗ ಒಂದೊಂದೇ ಕುಡೀತಾವೆ."

"ನನಗೂ ಮಾತಿಗೆ ಯಾರಾದ್ರೂ ಬೇಕಲ್ಲಪ್ಪ."

"ಅವೇನು ನಿಮ್ಮ ಕಷ್ಟಸುಖ ಕೇಳೋಕೆ ಬರ್ತಿದ್ವಾ?"

ಅಷ್ಟರಲ್ಲಿ ಹಳೆ ತೊಟ್ಟಿಯಲ್ಲಿ ನೀರು ಕುಡಿಯುತ್ತಿದ್ದ ಹಿಂಡು ಹೊರಟಿತು. ಕುಂಟು ಹಸು ಒಂದು ಗುಟುಕು ಕುಡಿದು, ಗಾಬರಿಯಿಂದ ತಲೆಯೆತ್ತಿ ಹಿಂದೆಯೇ ಓಡಿತು. ಅವಳು ಪೈಪಿನ ತುದಿ ಹಿಡಿದು ಹುಲ್ಲುಗಾವಲಿನತ್ತ ನಡೆದಳು.

ಮರುದಿನ ಸಂಜೆ ಕಿಟಕಿಯಿಂದ ನೋಡಿದಳು. ದೂರದಲ್ಲಿ ಕುಂಟು ಹಸು ಒಂದೇ ನಿಂತು ಸಾವಧಾನವಾಗಿ ಕುಡಿಯುತ್ತಿತ್ತು. ಕುಡಿದಾದ ಮೇಲೆ ಮನೆಯ ಕಡೆ ತಿರುಗಿಯೂ ನೋಡಲಿಲ್ಲ.