ಗುಡಿಸುವ ವಾರದ ಹಲಗೆ

ನಮ್ಮ ಕಟ್ಟಡದಲ್ಲಿರುವುದು ಮೂರೇ ಮನೆ. ಕೆಳಗೆ ಎಂಬತ್ತೆಂಟರ ಬಾಯರ್ಲೆಯಮ್ಮ, ನಡುವೆ ನಾನು ಮತ್ತು ನನ್ನ ಹೆಂಡತಿ ಗುಲಿಜಾರ್, ಮೇಲೆ ಹೋದ ವರ್ಷ ನಿರಾಶ್ರಿತರ ಶಿಬಿರದಿಂದ ಬಂದ ಸಿರಿಯಾದ ಹನಾದಿ, ಅವಳ ಗಂಡ, ಎರಡು ಪುಟ್ಟ ಮಕ್ಕಳು. ಮೂರು ಮನೆಗೂ ಸೇರಿ ಒಂದು ಮರದ ಹಲಗೆ. ಅದು ಯಾರ ಬಾಗಿಲಲ್ಲಿ ನೇತಾಡುತ್ತದೋ ಆ ವಾರ ಮೆಟ್ಟಿಲು, ಕಿಟಕಿಯಂಚು, ನೆಲಮಾಳಿಗೆ, ಬೀದಿಬದಿಯ ಕಾಲುದಾರಿ ಎಲ್ಲವನ್ನೂ ಗುಡಿಸಿ ಒರೆಸುವುದು ಅವರ ಪಾಲು. ಶನಿವಾರ ಕೆಲಸ ಮುಗಿಸಿ ಹಲಗೆಯನ್ನು ಮುಂದಿನ ಮನೆಯ ಬಾಗಿಲಿಗೆ ತಗುಲಿಸಬೇಕು. ಜರ್ಮನಿಯ ಈ ಶ್ಟುಟ್‌ಗಾರ್ಟಿನಲ್ಲಿ ನಮಾಜು ತಪ್ಪಿಸಿದವನನ್ನು ಯಾರೂ ಕೇಳುವುದಿಲ್ಲ, ಈ ಹಲಗೆಯನ್ನು ಮರೆತವನ ಮುಖ ಮಾತ್ರ ಯಾರೂ ನೋಡುವುದಿಲ್ಲ.

ನಲವತ್ತೆರಡು ವರ್ಷದ ಹಿಂದೆ ಗುಲಿಜಾರ್ ಟರ್ಕಿಯ ಒಂದು ಹಳ್ಳಿಯಿಂದ ಇಲ್ಲಿಗೆ ಬಂದಾಗ ಅವಳಿಗೆ ಜರ್ಮನ್ನಿನ ಎರಡು ಮಾತೂ ಬರುತ್ತಿರಲಿಲ್ಲ. ನಾನು ಕಾರ್ಖಾನೆಗೆ ಹೋದರೆ ಇಡೀ ದಿನ ಒಬ್ಬಳೇ. ಬಾಯರ್ಲೆಯಮ್ಮ ಅವಳ ಕೈಗೆ ಪೊರಕೆ ಕೊಟ್ಟು, ಭಾಷೆಗಿಂತ ಮೊದಲು ಮೂಲೆ ಗುಡಿಸುವುದನ್ನು ಕಲಿಸಿದರು. ಈಗ ಆ ಮುದುಕಿಯನ್ನೂ ಮೀರಿಸಿದ್ದಾಳೆ. ಯಾವ ವಾರ ಯಾರ ಪಾಳಿ, ಕೆಲಸ ಸರಿಯಾಯಿತೇ ಇಲ್ಲವೇ ಎಂದು ಮೊದಲು ಬಾಯರ್ಲೆಯಮ್ಮ ಬರೆಯುತ್ತಿದ್ದ ಪುಸ್ತಕದಲ್ಲಿ ಈಗ ಬರೆದಿಡುವವಳೂ ಅವಳೇ. ನಮ್ಮ ಮದುವೆಯ ದಿನ ಅವಳಿಗೆ ನೆನಪಿರುವುದಿಲ್ಲ, ಹಿಂದೊಮ್ಮೆ ಮೇಲಿನ ಮನೆಯಲ್ಲಿದ್ದವರು ಯಾವ ತಿಂಗಳು ಕಿಟಕಿ ಒರೆಸಲಿಲ್ಲ ಎಂಬುದು ಮಾತ್ರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಅವಳ ಹೆಸರಿನ ಮುಂದೆ ಇಷ್ಟು ವರ್ಷವೂ 'ಸರಿ' ಎಂಬುದನ್ನು ಬಿಟ್ಟರೆ ಬೇರೆ ಮಾತಿಲ್ಲ. ಆ ಹೆಮ್ಮೆಯನ್ನು ನಾನು ದಿನವೂ ಚಹಾದ ಜೊತೆ ಕುಡಿಯುತ್ತಿದ್ದೆ.

ಹನಾದಿಯ ಕೆಲಸ ಅವಳಿಗೆ ಒಂದು ದಿನವೂ ಹಿಡಿಸಲಿಲ್ಲ. ಮೂಲೆ ಬಿಡುತ್ತಾಳೆ, ಕಂಬಿ ಒರೆಸುವುದಿಲ್ಲ, ಒಂದೇ ಎರಡೇ. ಹನಾದಿಯವರದು ಒಂದೇ ವರ್ಷದ ಕರಾರು. ಅದು ಮುಗಿಯುತ್ತಾ ಬಂದಿತ್ತು. ಶನಿವಾರ ಹತ್ತು ಗಂಟೆಗೆ ಮಾಲೀಕ ಕಿರ್ನ್ ಬಂದು ಕಟ್ಟಡ ನೋಡಿ, ಅವರನ್ನು ಇಟ್ಟುಕೊಳ್ಳುವುದೋ ಬಿಡುವುದೋ ಹೇಳುವವನಿದ್ದ. ಬೇಡ ಎಂದರೆ ನಾಲ್ಕು ಜೀವವೂ ಮತ್ತೆ ನಿರಾಶ್ರಿತರ ಶಿಬಿರದ ಒಂದೇ ಕೋಣೆಗೆ. ಕಿರ್ನ್ ಸಣ್ಣಪುಟ್ಟದ್ದಕ್ಕೆ ತಲೆ ಕೆಡಿಸಿಕೊಳ್ಳುವವನಲ್ಲ. ಹಳೆಯ ಕಟ್ಟಡದ ಬುಡಕ್ಕೆ ನೀರು ಇಳಿದರೆ ಮಾತ್ರ ಸಹಿಸುವವನಲ್ಲ.

ಪಾಪ, ಚಿಕ್ಕವರು, ಕಿರ್ನ್ ಕೇಳಿದರೆ ಒಂದು ಒಳ್ಳೆಯ ಮಾತು ಹೇಳು ಎಂದೆ ಗುಲಿಜಾರಳಿಗೆ.

"ಇದ್ದದ್ದು ಇದ್ದ ಹಾಗೆ ಹೇಳ್ತೀನಿ," ಎಂದಳು. "ಈ ಹೊರಗಿನವರು ಬರ್ತಾರೆ, ಇಲ್ಲಿನ ರೀತಿ ನೀತಿ ಕಲಿಯಲ್ಲ."

"ಹೊರಗಿನವರಾ? ನೀನೇನು ಈ ಮೆಟ್ಟಿಲ ಮೇಲೇ ಹುಟ್ಟಿದ್ಯಾ?"

"ನಾನು ಕಲಿತೆ ಕಣ್ರೀ. ಅದೇ ವ್ಯತ್ಯಾಸ."

ಆ ವಾರ ಹಲಗೆ ಇದ್ದದ್ದು ಹನಾದಿಯ ಬಾಗಿಲಲ್ಲೇ. ಶನಿವಾರ ಬೆಳಿಗ್ಗೆ ಎಂಟಕ್ಕೆ ಮೆಟ್ಟಿಲ ಕಡೆಯಿಂದ ಧೋ ಎಂದು ಸದ್ದು. ಬಾಗಿಲು ತೆಗೆದರೆ ಮೇಲಿನಿಂದ ಕೆಳಗಿನವರೆಗೂ ಸೋಪಿನ ನೀರು ಮೆಟ್ಟಿಲಿಂದ ಮೆಟ್ಟಿಲಿಗೆ ಹಾರುತ್ತಾ ಇಳಿಯುತ್ತಿತ್ತು. ಹನಾದಿ ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಬರಿಗಾಲಲ್ಲಿ, ಇನ್ನೊಂದು ಬಕೆಟ್ ಎತ್ತಿ ಸುರಿಯುವುದರಲ್ಲಿದ್ದಳು.

"ಏನಮ್ಮಾ ಇದು?" ಎಂದಳು ಗುಲಿಜಾರ್.

"ತೊಳೀತಿದೀನಿ ಖಾಲಾ. ಒರೆಸಿದ್ರೆ ನಿಮಗೆ ಸರಿಹೋಗಲ್ಲ ಅಂತ ಇವತ್ತು ಚೆನ್ನಾಗಿ ತೊಳೆದೇ ಬಿಡೋಣ ಅಂದ್ಕೊಂಡೆ. ಅಲೆಪ್ಪೊದಲ್ಲಿ ನಮ್ಮಮ್ಮ ಹಬ್ಬಕ್ಕೆ ಹೀಗೇ ತೊಳೀತಿದ್ರು."

"ಆ ನೀರು ಎಲ್ಲಿಗೆ ಹೋಗುತ್ತೆ?"

ಹನಾದಿ ಬಗ್ಗಿ ಕೆಳಗೆ ನೋಡಿದಳು. "ಕೆಳಗೆ ತೂತು ಬಿಟ್ಟಿರಲ್ವಾ?"

ಇಲ್ಲ. ಈ ದೇಶದಲ್ಲಿ ಮೆಟ್ಟಿಲಿಗೆ ನೀರು ಸುರಿಯುತ್ತಾರೆ ಎಂದು ಕಟ್ಟಿದವನ ಕನಸಿಗೂ ಬಂದಿರಲಿಲ್ಲ. ನೀರು ನೇರ ನೆಲಮಾಳಿಗೆಗೆ ನುಗ್ಗಿ ಬಾಯರ್ಲೆಯಮ್ಮನ ಆಲೂಗಡ್ಡೆಯ ಪೆಟ್ಟಿಗೆಗಳ ಸುತ್ತ ನಿಂತಿತ್ತು. ಸಂಗತಿ ಅರಿವಾದದ್ದೇ ತಡ, ಹುಡುಗಿಯ ಮುಖ ಬಿಳಿಚಿಕೊಂಡಿತು. ಬಕೆಟ್ ಕೆಳಗಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಇನ್ನು ಗುಲಿಜಾರಳ ಬಾಯಿ ಶುರುವಾಗುತ್ತದೆ ಎಂದು ನಾನು ಕಾದೆ. ಅವಳು ಆ ಹುಡುಗಿಯ ಒದ್ದೆ ಪಾದಗಳನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಚಪ್ಪಲಿ ಕಳಚಿಟ್ಟು, ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮನೆಯಲ್ಲಿದ್ದ ಹಳೆಯ ಟವೆಲನ್ನೆಲ್ಲ ತರಲು ನನಗೆ ಹೇಳಿದಳು. ಮೂವರೂ ಸೇರಿ ಒರೆಸಿ ಹಿಂಡಿದೆವು. ಗಡಿಬಿಡಿಯಲ್ಲಿ ನನ್ನ ಹೊಸ ಬನಿಯನ್ನೂ ನೆಲ ಸೇರಿತು. ಹತ್ತಕ್ಕೆ ಐದು ನಿಮಿಷವಿರುವಾಗ ಮೆಟ್ಟಿಲು ಒಣಗಿತ್ತು, ನೆಲಮಾಳಿಗೆ ಒಣಗಿರಲಿಲ್ಲ. ಗುಲಿಜಾರ್ ಮೇಲೆ ಹೋಗಿ ಹನಾದಿಯ ಬಾಗಿಲಿನ ಹಲಗೆ ತಂದು ನಮ್ಮ ಬಾಗಿಲಿಗೆ ತಗುಲಿಸಿದಳು. ಏನಿದು ಎಂದು ಬಾಯಿ ತೆರೆದೆ. ಚಹಾಕ್ಕೆ ನೀರಿಡಿ ಎಂದಳು.

ಕಿರ್ನ್ ಬಂದ. ಮೇಲಿನ ಮೆಟ್ಟಿಲ ಹೊಳಪು ನೋಡಿ ಹುಬ್ಬೇರಿಸಿದ. ನೆಲಮಾಳಿಗೆಗೆ ಇಳಿದವನು ಬೂಟು ನೆನೆಸಿಕೊಂಡು ಮೇಲೆ ಬಂದ. ಈ ವಾರ ಯಾರ ಪಾಳಿ ಎನ್ನುತ್ತಾ ಬಾಗಿಲುಗಳನ್ನು ನೋಡಿದ.

"ನನ್ನದು," ಎಂದಳು ಗುಲಿಜಾರ್. "ನೀರು ಜಾಸ್ತಿ ಆಗೋಯ್ತು."

ಅವನು ನಂಬಲಿಲ್ಲ. ನಂಬುವುದಾದರೂ ಹೇಗೆ? ಅವನಪ್ಪನ ಕಾಲದಿಂದ ಇವಳ ಕೆಲಸ ನೋಡಿದವನು. ಅವನ ಕಣ್ಣು ಮೇಲಿನ ಮೆಟ್ಟಿಲಲ್ಲಿ ನಿಂತ ಹನಾದಿಯ ಒದ್ದೆ ಪ್ಯಾಂಟಿನ ಮೇಲೆ ಹೋಯಿತು. ಆ ಹುಡುಗಿ ಇನ್ನೇನು ತಪ್ಪು ಒಪ್ಪಿಕೊಳ್ಳಬೇಕು, ಅಷ್ಟರಲ್ಲಿ ಕೆಳಗಿನ ಬಾಗಿಲು ತೆರೆದು ಬಾಯರ್ಲೆಯಮ್ಮ ನಡೆಯಲು ಆಸರೆಯಾದ ಗಾಲಿಗಾಡಿ ತಳ್ಳಿಕೊಂಡು ಹೊರಬಂದರು. ಅವರು ಸುಳ್ಳು ಹೇಳಿದ್ದನ್ನು ಈ ಬೀದಿಯಲ್ಲಿ ಕೇಳಿದವರಿಲ್ಲ. ಕಿರ್ನ್ ಅವರನ್ನೇ ಕೇಳಿದ.

ಬಾಯರ್ಲೆಯಮ್ಮ ಹನಾದಿಯನ್ನು ನೋಡಿದರು, ಹಲಗೆಯನ್ನು ನೋಡಿದರು, ಕೊನೆಗೆ ಗುಲಿಜಾರಳನ್ನು ನೋಡಿದರು.

"ಇವಳದ್ದೇ ಕೆಲಸ," ಎಂದರು. "ಬಂದ ವರ್ಷನೂ ಹೀಗೇ ಮಾಡಿದ್ಳು, ನನ್ನ ಆಲೂಗಡ್ಡೆಯೆಲ್ಲ ತೇಲ್ತಿತ್ತು. ಚಿಕ್ಕವಳು, ಕಲೀತಾಳೆ ಅಂತ ಸುಮ್ಮನಿದ್ದೆ. ನಲವತ್ತೆರಡು ವರ್ಷ ಆಯ್ತು, ಇನ್ನೂ ಕಲಿತಿಲ್ಲ."

ಕಿರ್ನ್ ಹೊಟ್ಟೆ ಹಿಡಿದು ನಕ್ಕ. ಮೇಲಿನ ಮೆಟ್ಟಿಲನ್ನು ನೆರವಿಗೆ ಬಂದ ಹನಾದಿ ಒರೆಸಿರಬೇಕು ಎಂದುಕೊಂಡು, ಆ ಹುಡುಗಿಯಿಂದ ಸ್ವಲ್ಪ ಕಲಿತುಕೊಳ್ಳಿ ಎಂದು ಗುಲಿಜಾರಳಿಗೆ ಬುದ್ಧಿ ಹೇಳಿದ. ಅವಳು ಅದನ್ನು ಕಹಿಮದ್ದಿನಂತೆ ನುಂಗಿಕೊಂಡು ಆಗಲಿ ಎಂದಳು. ನಮ್ಮ ಅಡುಗೆಮನೆಯ ಮೇಜಿನ ಮೇಲೇ ಹೊಸ ಕರಾರಿಗೆ ಸಹಿ ಬಿತ್ತು. ಹನಾದಿ ಗುಲಿಜಾರಳ ಕೈ ಹಿಡಿದು ಅತ್ತಳು. ಇವಳು ಕೈ ಬಿಡಿಸಿಕೊಂಡು, ಮುಂದಿನ ಸಲ ಅರ್ಧ ಬಕೆಟ್, ಅಷ್ಟೇ ಎಂದಳು.

ಸಂಜೆ ಪುಸ್ತಕ ತೆಗೆದು ಬರೆದಳು: ಗುಲಿಜಾರ್, ನೆಲಮಾಳಿಗೆಗೆ ನೀರು. ಅವಳ ಹೆಸರಿನ ಮುಂದೆ ಮೊದಲ ಕಪ್ಪು ಚುಕ್ಕೆ. ಬಾಯರ್ಲೆಯಮ್ಮ ಹೇಳಿದ್ದು ನಿಜವೇ ಎಂದು ಕೇಳಿದೆ. ನಮಾಜಿಗೆ ಹೊತ್ತಾಯಿತು ಎಂದು ಎದ್ದು ಹೋದಳು.

ನಾನು ಕಪಾಟಿನ ತಳದಿಂದ ಹಳೆಯ ಪುಸ್ತಕ ಹುಡುಕಿ ತೆಗೆದೆ. ಅವಳು ಬಂದ ವರ್ಷದ ಅಕ್ಟೋಬರ್. ಬಾಯರ್ಲೆಯಮ್ಮನ ಇರುವೆಯಂಥ ಅಕ್ಷರದಲ್ಲಿ ವಾರಕ್ಕೊಂದು ಸಾಲು. ನಮ್ಮ ಪಾಳಿಯ ಒಂದು ವಾರದಲ್ಲಿ ಮಾತ್ರ ನಮ್ಮ ಹೆಸರಿರಲಿಲ್ಲ. ಅಲ್ಲಿ ಬರೆದಿತ್ತು: ಬಾಯರ್ಲೆ, ನೆಲಮಾಳಿಗೆಗೆ ನೀರು.

ಒಳಗೆ ಗುಲಿಜಾರ್ ಇನ್ನೂ ಹಣೆಯನ್ನು ನೆಲಕ್ಕೆ ಹಚ್ಚಿ ಸಜ್ದಾದಲ್ಲಿದ್ದಳು. ನಾನು ಪುಸ್ತಕವನ್ನು ಇದ್ದಲ್ಲೇ ಇಟ್ಟು, ಬಾಯರ್ಲೆಯಮ್ಮನಿಗೆ ಒಂದು ಬುಟ್ಟಿ ಒಣ ಆಲೂಗಡ್ಡೆ ತರಲು ಅಂಗಡಿಗೆ ಹೊರಟೆ.