ಕುಂಕುಮದ ಕೆಳಗಿನ ಗೆರೆಗಳು

ಹೆತ್ತ ಮಗನಿಗೆ ಡ್ರಿಲ್ಲಿಂಗ್ ಮಷೀನ್ ಎತ್ತಿ ಬಾರಿಸಿದವಳು ನಾನು. ಹೆಗಲಿಗೆ ಬಿತ್ತು. ತಲೆಗೇ ಬಿದ್ದಿದ್ರೆ ಇವತ್ತು ಜೈಲಲ್ಲಿ ಮುದ್ದೆ ಮುರೀತಿದ್ದೆ, ಇರ್ಲಿ. ಮುನಿಲಕ್ಷ್ಮಮ್ಮನ ಮೈಮೇಲೆ ಮಾರಮ್ಮ ಬಂದಿದ್ಲು ಅಂತ ಚಿಕ್ಕಲಸಂದ್ರದಲ್ಲೆಲ್ಲ ಆಡ್ಕೋತಾರೆ. ಯಾವ ಮಾರಮ್ಮನೂ ಬಂದಿರಲಿಲ್ಲ ಕಣ್ರಿ. ಬುದ್ಧಿ ನೆಟ್ಟಗಿದ್ದೇ ಹೊಡೆದೆ. ಯಾಕೆ ಅಂತ ಕೇಳಿ, ಆಮೇಲೆ ನೀವೇ ಹೇಳಿ.

ಸೊಪ್ಪು ಬೆಳೀತಿದ್ದ ಜಮೀನು ಲೇಔಟ್ ಆದ್ಮೇಲೆ ನಮ್ಮ ಯಜಮಾನ್ರು ತಿಮ್ಮರಾಯಪ್ಪ ಹಾರ್ಡ್‌ವೇರ್ ಅಂಗಡಿ ಹಾಕಿದ್ರು. ಅಂಗಡಿ ಬನಶಂಕರೀಲಿ, ಗೋಡೌನ್ ನಮ್ಮನೆ ಕೆಳಗೇ. ಗೋಡೌನ್ ನೋಡ್ಕೋತಿದ್ದೋನು ನನ್ನ ತಮ್ಮ ಬೈರಣ್ಣ. ಅಪ್ಪ ಅಮ್ಮ ಹೋದ್ಮೇಲೆ ತವರು ಅಂತ ನಂಗೆ ಉಳಿದಿದ್ದೇ ಅವನೊಬ್ಬ. ಅವನ ಮಗಳು ಅರ್ಪಿತನ್ನ ನನ್ನ ಮಗ ಲಿಖಿತ್‌ಗೆ ತಂದ್ಕೋಬೇಕು ಅನ್ನೋದು ನನ್ನ ಆಸೆ. ತಾಂಬೂಲ ಬದಲಾಯಿಸಿ ಆಗಿತ್ತು, ಕಾರ್ತೀಕದಲ್ಲಿ ಮದುವೆ. ಆ ಹುಡುಗಿ ಸೊಸೆಯಾಗಿ ಬಂದ್ರೆ ತವರೇ ನನ್ನ ಅಡುಗೆಮನೇಲಿ ಓಡಾಡ್ಕೊಂಡಿದ್ದಂಗೆ ಅಂತ ಖುಷಿ ಪಡ್ತಿದ್ದೆ.

ಲಿಖಿತ್ ಕಾಲೇಜು ಮುಗಿಸಿ ಬಂದವನು ಗೋಡೌನಿಗೆ ಬಾರ್‌ಕೋಡ್ ತಂದ. ಒಂದೊಂದು ಡಬ್ಬಕ್ಕೂ ಒಂದೊಂದು ಬಿಳಿ ಸ್ಟಿಕರ್, ಅದರ ಮೇಲೆ ಕರೀ ಗೆರೆ. ಗನ್ ಅಂತ ಒಂದಿದೆ, ಕೈಲಿ ಹಿಡ್ದು ಒತ್ತಿದ್ರೆ ಕೆಂಪು ಬೆಳಕು ಬೀಳುತ್ತೆ. ಗೆರೆ ಸಿಕ್ಕಿದ್ರೆ ಟಿಂಕ್ ಅನ್ನುತ್ತೆ, ಕಂಪ್ಯೂಟರಲ್ಲಿ ಆ ಡಬ್ಬ ಇದೆ ಅಂತ ಬರುತ್ತೆ. ಟಿಂಕ್ ಅನ್ನಲಿಲ್ಲ ಅಂದ್ರೆ ಆ ಡಬ್ಬ ಇಲ್ಲ ಅಂತ ಲೆಕ್ಕ. ಸುಳ್ಳು ಯಾಕೆ, ನಂಗೂ ಸಖತ್ ಹಿಡಿಸ್ತು. ಬೈರಣ್ಣನೂ ಬೇಡ ಅನ್ನಲಿಲ್ಲ, ಅಳಿಯ ತಂದಿದ್ದು ಅಂತ ಕುಣ್ಕೊಂಡು ಸ್ಟಿಕರ್ ಅಂಟಿಸ್ದ.

ಆಯುಧ ಪೂಜೆ ಬಂತು. ನಮ್ಮಲ್ಲಿ ಗಾಡಿ, ತಕ್ಕಡಿ, ಕತ್ತರಿ, ಯಾವುದನ್ನೂ ಬಿಡೋದಿಲ್ಲ, ಅನ್ನ ಕೊಡೋದಕ್ಕೆಲ್ಲ ಬೊಟ್ಟು ಬೀಳಲೇಬೇಕು. ಈ ವರ್ಷ ಯಜಮಾನ್ರು ತಟ್ಟೆ ಮಗನ ಕೈಗೆ ಕೊಟ್ಟು, ಇನ್ಮೇಲೆ ಪೂಜೆ ನಿಂದೇ ಅಂದ್ರು. ಲಿಖಿತ್ ಎದೆ ಉಬ್ಬಿಸ್ಕೊಂಡು ಶುರು ಮಾಡ್ದ. ಮೊಳೆ, ಸ್ಕ್ರೂ ಡಬ್ಬಗಳನ್ನ ಬಿಟ್ಟ. ಬೆಲೆ ಬಾಳೋ ಡ್ರಿಲ್ಲು, ಕಟರ್ರು, ಮೋಟ್ರು, ಎಲ್ಲದಕ್ಕೂ ಹಚ್ಚಿದ. ಡಬ್ಬಕ್ಕೆ ಮುಖ ಯಾವುದು? ಬಿಳಿ ಚೀಟಿ ಇರೋ ಕಡೆ. ಅಲ್ಲಿಗೇ ವಿಭೂತಿ ಎಳೆದು, ಗಂಧ ಕಲಸಿದ ಕುಂಕುಮನ ಹೆಬ್ಬೆಟ್ಟಲ್ಲಿ ಒತ್ತಿ ಒತ್ತಿ ಇಟ್ಟ. ನೋಡೋಕೆ ಲಕ್ಷಣವಾಗಿತ್ತು, ನಾನೇ ದೃಷ್ಟಿ ತೆಗೆದೆ.

ಹಬ್ಬ ಕಳೆದ ಭಾನುವಾರ ಸ್ಟಾಕ್ ಲೆಕ್ಕ. ರಸ್ತೇಲಿ ದಸರಾ ಆರ್ಕೆಸ್ಟ್ರಾದವರ ಸ್ಪೀಕರ್ ಟೆಸ್ಟಿಂಗ್, ಹೊಟ್ಟೆ ಒಳಗೆ ಗುಡುಗಿದಂಗೆ. ನಮ್ಮ ರಾಜಕುಮಾರ ಕಿವಿಗೆ ಬೇರೆ ಇಯರ್‌ಫೋನ್ ತುರುಕ್ಕೊಂಡು, ಯಾರ ಹತ್ರಾನೋ ಫೋನಲ್ಲಿ ನಗ್ತಾ, ಗನ್ ಒತ್ಕೊಂಡು ಹೋದ. ಕೆಂಪು ಬೆಳಕು ಬಿತ್ತು, ಮುಂದಕ್ಕೆ. ಬಿತ್ತು, ಮುಂದಕ್ಕೆ. ಟಿಂಕ್ ಅಂತೋ ಇಲ್ವೋ ಅವನ ಕಿವಿಗೆ ಎಲ್ಲಿ ಬೀಳಬೇಕು. ಕೊನೇಗೆ ಕಂಪ್ಯೂಟರ್ ನೋಡಿದ್ರೆ ಮೊಳೆ ಇದೆ, ಸ್ಕ್ರೂ ಇದೆ, ಬೆಲೆ ಬಾಳೋ ಮಷೀನು ಒಂದೂ ಇಲ್ಲ.

ನಾನು ಮೇಲೆ ಅಡುಗೆಮನೇಲಿ ಸೊಪ್ಪು ಬಿಡಿಸ್ತಾ ಇದ್ದೆ. ಕೆಳಗೆ ಶಟರ್ ಎಳೆದ ಸದ್ದಾಯ್ತು. ಹಗಲು ಹೊತ್ತಲ್ಲಿ ಶಟರ್ ಯಾಕೆ ಎಳೀತಾರೆ? ಅಷ್ಟರಲ್ಲಿ ನನ್ನ ತಮ್ಮನ ಕೂಗು ಕೇಳ್ತು. ಚಿಕ್ಕಂದಿನಲ್ಲಿ ಬಾವಿಗೆ ಬಿದ್ದಾಗ ಹಂಗೆ ಕೂಗಿದ್ದ, ಆಮೇಲೆ ಯಾವತ್ತೂ ಇಲ್ಲ. ಸೊಪ್ಪು ಬಿಸಾಕಿ ಒಳಗಿನ ಮೆಟ್ಟಿಲಲ್ಲಿ ಓಡಿದೆ.

ಬೈರಣ್ಣ ರ್‍ಯಾಕಿಗೆ ಒರಗಿ ಕುಸಿದಿದ್ದ. ಮೂಗು ಬಾಯಿ ಒಡೆದು ಬನಿಯನ್ ಎಲ್ಲ ರಕ್ತ, ಒಂದು ಕಣ್ಣು ಮುಚ್ಚಿಹೋಗಿತ್ತು. ಲಿಖಿತ್ ಕೈಲಿ ಕಬ್ಬಿಣದ ಪೈಪ್ ತುಂಡು. ನನ್ನ ಗಂಡ ಶಟರ್ ಹತ್ರ ಕೈಕಟ್ಕೊಂಡು ನಿಂತು, ಭಾಮೈದ ಅಂತ ತಲೆ ಮೇಲೆ ಕೂರಿಸ್ಕೊಂಡಿದ್ದಕ್ಕೆ ಸರಿಯಾಗೇ ಮಾಡ್ದ, ಮಾಲು ಎಲ್ಲಿ ಮಾರಿದಾನೆ ಬಾಯಿ ಬಿಡಿಸು ಅಂತಿದ್ರು. ಬೈರಣ್ಣ ಒಂದೇ ಮಾತು ಹೇಳ್ತಿದ್ದ, ಇಲ್ಲೇ ಇದಾವಲ್ಲಪ್ಪಾ, ನಿನ್ನ ಮುಂದೇನೇ ಇದಾವಲ್ಲ ಅಂತ. ಹೇಳ್ದಂಗೆಲ್ಲ ಏಟು. ಮಷೀನ್ ಮಾರ್ಕೊಂಡು ಹಳೇ ಡಬ್ಬಕ್ಕೆ ಇಟ್ಟಿಗೆ ಚೂರು ತುಂಬಿ ಜೋಡಿಸಿದಾನೆ, ಅದಕ್ಕೇ ಸಿಸ್ಟಮಲ್ಲಿ ಬರ್ತಿಲ್ಲ ಅಂತ ನನ್ನ ಮಗ ತೀರ್ಮಾನ ಮಾಡ್ಬಿಟ್ಟಿದ್ದ. ಒಂದು ಡಬ್ಬ ಬಿಚ್ಚಿ ನೋಡೋ ವ್ಯವಧಾನ ಇರಲಿಲ್ಲ, ಹಾಳಾದವನಿಗೆ.

ನಾನು ಅಡ್ಡ ಹೋದೆ. ನನ್ನನ್ನ ತಳ್ಳಿದ. ಬೈರಣ್ಣ ತಲೆ ಕಾಪಾಡ್ಕೊಳ್ಳೋಕೆ ಬಲಗೈ ಎತ್ತಿದ, ಪೈಪು ಮಣಿಕಟ್ಟಿನ ಮೇಲೆ ಬಿತ್ತು. ಒಣಗಿದ ಸೌದೆ ಮುರಿದಂಗೆ ಸದ್ದು. ಕೈ ಜೋತುಬಿತ್ತು. ಅವನು ನನ್ನ ಮುಖಾನೇ ನೋಡ್ದ.

ರ್‍ಯಾಕಿಂದ ಕೈಗೆ ಸಿಕ್ಕಿದ ಡಬ್ಬ ಎಳೆದು ಹರಿದೆ. ಒಳಗೆ ಇಟ್ಟಿಗೆ ಇಲ್ಲ, ಪ್ಲಾಸ್ಟಿಕ್ ಕವರ್ ಸಮೇತ ಹೊಸಾ ಡ್ರಿಲ್ಲಿಂಗ್ ಮಷೀನ್. ಅದನ್ನ ಮಗನ ಮೂತಿಗೆ ಹಿಡಿದೆ. ಒಂದು ತೋರಿಸಿದ್ರೆ ಆಯ್ತಾ, ಉಳಿದಿದ್ದೆಲ್ಲ ಎಲ್ಲಿ ಅಂತ ಅರಚಿ ಮತ್ತೆ ಪೈಪ್ ಎತ್ತಿದ. ಆಗ ಬೀಸಿದೆ. ಲಿಖಿತ್ ಮೋಟರ್ ಡಬ್ಬಗಳ ಮೇಲೆ ಮಗುಚ್ಕೊಂಡು ಬಿದ್ದ. ಪೈಪು ಅವನ ಕೈ ಬಿಟ್ಟು ಉರುಳ್ಕೊಂಡು ಹೋಯ್ತು. ಯಜಮಾನ್ರು ನನ್ನ ಕಡೆ ಒಂದು ಹೆಜ್ಜೆ ಇಟ್ಟರು. ಮಷೀನ್ ಇನ್ನೂ ನನ್ನ ಕೈಲೇ ಇತ್ತು, ಅದನ್ನ ನೋಡಿ ಅಲ್ಲೇ ನಿಂತ್ರು.

ನನ್ನ ಅಂಗೈ ಕೆಂಪಾಗಿತ್ತು. ತಮ್ಮನ ರಕ್ತ ಅಂದ್ಕೊಂಡೆ. ಮೂಸಿದ್ರೆ ಗಂಧದ ವಾಸನೆ. ಹರಿದ ಡಬ್ಬ ಎತ್ತಿ ನೋಡಿದೆ, ಬಿಳಿ ಚೀಟಿ ತುಂಬ ಕುಂಕುಮ ಗಟ್ಟಿಕಟ್ಟಿತ್ತು, ನಡುವೆ ಹೆಬ್ಬೆಟ್ಟಿನ ಗುರುತು. ಸೆರಗಿಗೆ ಎಂಜಲು ಹಚ್ಕೊಂಡು ಉಜ್ಜಿದೆ. ಕೆಳಗಿಂದ ಕರೀ ಗೆರೆ ಎದ್ದು ಬಂತು. ಮೇಜಿನ ಮೇಲಿದ್ದ ಗನ್ ತಗೊಂಡು ಒತ್ತಿದೆ.

ಟಿಂಕ್ ಅಂತು.

ಇನ್ನೊಂದು ಡಬ್ಬ ಒರೆಸಿದೆ, ಟಿಂಕ್. ಮತ್ತೊಂದು, ಟಿಂಕ್. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸ್ತು ಅಂತಾರೆ. ಆ ಕೋತಿಗಾದ್ರೂ ತಾನೇನು ಮಾಡ್ತಿದೀನಿ ಅಂತ ಗೊತ್ತಿತ್ತು. ಈ ನನ್ನ ಮಗ ತಾನೇ ಬೊಟ್ಟಿಟ್ಟು ಮುಚ್ಚಿ, ತಾನೇ ಕಾಣ್ತಿಲ್ಲ ಅಂತ, ಕಣ್ಮುಂದೆ ಮಾಲು ಇಟ್ಕೊಂಡು ಸೋದರಮಾವನ ಕೈ ಮುರಿದಿದ್ದ. ಲಿಖಿತ್ ಬಿದ್ದಲ್ಲಿಂದ ಎದ್ದು ಬಂದು ಡಬ್ಬ ನೋಡ್ದ, ತನ್ನ ಹೆಬ್ಬೆಟ್ಟು ನೋಡ್ಕೊಂಡ. ಆಮೇಲೆ ಬೈರಣ್ಣನ ಹತ್ರ ಕೂತು, ಮಾವ, ನಂಗೆ ಗೊತ್ತಾಗಲಿಲ್ಲ ಮಾವ ಅಂತ ಅಳೋಕೆ ಶುರುಮಾಡ್ದ.

ಯಾವಾಗ ಬಂದಿದ್ಲೋ ಅರ್ಪಿತ, ಒಳಬಾಗಿಲಲ್ಲಿ ನಿಂತಿದ್ಲು. ಭಾನುವಾರ ವಸಂತಪುರದಿಂದ ಅಪ್ಪನಿಗೆ ಊಟ ತರೋದು ಅವಳೇ. ಕ್ಯಾರಿಯರ್ ಕೆಳಗಿಟ್ಟು, ಅಪ್ಪನ ಮುಖದ ರಕ್ತನ ತನ್ನ ವೇಲಿನಲ್ಲಿ ಒರೆಸಿದ್ಲು. ಕೂಗಾಡಲಿಲ್ಲ, ಅಳಲಿಲ್ಲ. ಅವಳು ಬೈದಿದ್ರೆ ಚೆನ್ನಾಗಿತ್ತು ಅನ್ನಿಸ್ತು ನಂಗೆ. ಲಿಖಿತ್ ಅವಳಿಗೂ ಕೈಮುಗ್ದ. ತಪ್ಪಾಯ್ತು ಅರ್ಪಿ, ಮಾವ ಕದ್ದಿಲ್ಲ, ಎಲ್ಲಾ ಮಾಲೂ ಇದೆ ಅಂದ.

"ಯಾರು ಹೇಳಿದ್ರು ಕದ್ದಿಲ್ಲ ಅಂತ?"

ಅವನು ನನ್ನ ಕೈಲಿದ್ದ ಗನ್ ತೋರಿಸ್ದ.

"ಅದು ಹೇಳ್ದೆ ಇದ್ದಿದ್ರೆ?"

ಲಿಖಿತ್ ಅಪ್ಪನ ಕಡೆ ನೋಡ್ದ. ಯಜಮಾನ್ರು ಶಟರ್ ಎತ್ತೋಕೆ ಹೋದ್ರು.

ಆಟೋದಲ್ಲಿ ಆಸ್ಪತ್ರೆಗೆ ಹೋಗ್ತಾ ಬೈರಣ್ಣ ಒಡೆದ ಬಾಯಲ್ಲೇ ಮದುವೆ ಮಾತೆತ್ತಿದ. ಹುಡುಗು ಬುದ್ಧಿ ಅಕ್ಕ, ಕೋಪದಲ್ಲಿ ಆಗೋಯ್ತು, ಛತ್ರ ಎಲ್ಲಾ ಗೊತ್ತು ಮಾಡಿ ಆಗಿದೆ, ನಿಲ್ಲಿಸಬೇಡ ಅಂದ. ನನ್ನ ತವರು ಉಳಿಸೋಕೆ ಅವನು ಹಂಗಂದಿದ್ದು, ನಂಗೆ ಗೊತ್ತಾಗಲ್ವ? ಹೂಂ ಅಂದುಬಿಡೋಣ ಅಂತ ಒಂದು ಗಳಿಗೆ ಆಸೆ ಆಯ್ತು, ನಿಜ ಹೇಳ್ತೀನಿ. ಅರ್ಪಿತ ಜೋತುಬಿದ್ದ ಕೈನ ತನ್ನ ತೊಡೆ ಮೇಲೆ ಇಟ್ಕೊಂಡು ಕೂತಿದ್ಲು.

"ಧಾರೆ ಎರೆಯೋದು ಯಾವ ಕೈಲೋ ಬೈರ?" ಅಂದೆ.

ಅವನು ಆ ಕೈ ನೋಡ್ಕೊಂಡ.

ತಾಂಬೂಲ ನಾನೇ ತಗೊಂಡು ಹೋಗಿ ವಾಪಸ್ ಕೊಟ್ಟೆ, ಗಂಡಿನ ತಾಯಿ ನಾನೇ. ಬೈರಣ್ಣನ ಕೈಗೆ ರಾಡ್ ಹಾಕಿದಾರೆ, ಬೆರಳು ಇನ್ನೂ ಮಡಚಲ್ಲ. ಅಲ್ಲಿಗೆ ಹೋದ್ರೆ ಅರ್ಪಿತ ಕಾಫಿ ಕೊಡ್ತಾಳೆ, ಅತ್ತೆ ಅಂತಾಳೆ, ಎದುರು ಕೂರಲ್ಲ. ಲಿಖಿತ್ ಈಗ ಡಬ್ಬಗಳನ್ನೆಲ್ಲ ತಾನೇ ಒರೆಸಿ ಇಟ್ಕೊಂಡಿದಾನೆ. ಆಗಾಗ ಅಡುಗೆಮನೆ ಬಾಗಿಲಿಗೆ ಬಂದು ನಿಂತ್ಕೋತಾನೆ. ತಪ್ಪಾಯ್ತು ಅಂದೆನಲ್ಲಮ್ಮ, ಕಾಲಿಗೂ ಬಿದ್ದೆ, ಇನ್ನೇನು ಮಾಡ್ಬೇಕು ಹೇಳು ಅಂತಾನೆ. ಏನೂ ಮಾಡ್ಬೇಡ, ಗನ್ ಹೇಳ್ದೆ ಇದ್ದಿದ್ರೆ ಅಂತ ಆ ಹುಡುಗಿ ಕೇಳಿದ್ಲಲ್ಲ, ಅದಕ್ಕೆ ಉತ್ತರ ಹೇಳು ಸಾಕು ಅಂತೀನಿ. ಅವನು ಹೆಬ್ಬೆಟ್ಟು ಉಜ್ಕೋತಾ ನಿಂತಿರ್ತಾನೆ. ನಾನು ಸೊಪ್ಪು ಬಿಡಿಸ್ತಾ ಕಾಯ್ತೀನಿ.